ಕಬ್ಬಿಣದ ದಾರಿಯಲ್ಲಿ ಮೊದಲ ಹೆಜ್ಜೆ



ಇಟಲಿಯ ಈಶಾನ್ಯದಲ್ಲಿರುವ ಡೊಲೊಮೈಟ್ ಪರ್ವತಶ್ರೇಣಿ 2009ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಬಂಡೆಗೆ ಉಕ್ಕಿನ ಹಗ್ಗ, ಏಣಿ, ಮೆಟ್ಟಿಲುಗಳನ್ನು ಬಿಗಿದು ಮಾಡಿದ ದಾರಿಗಳಿಗೆ ‘ವಿಯಾ ಫೆರಾಟಾ’, ಅಂದರೆ ಕಬ್ಬಿಣದ ದಾರಿ, ಎಂದು ಹೆಸರು. 1915ರಿಂದ 1917ರವರೆಗೆ ಈ ಶಿಖರಗಳಲ್ಲಿ ಹೋರಾಡಿದ ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೈನಿಕರು ಇಂತಹ ಅನೇಕ ದಾರಿಗಳನ್ನು ನಿರ್ಮಿಸಿದರು. ಇಂದು ಹವ್ಯಾಸಿ ಚಾರಣಿಗರು ಅವುಗಳನ್ನು ಏರುತ್ತಾರೆ. ನಾಳೆ ಓದಲು ಹೊರನಾಡಿಗೆ ಹೋಗುವ ನಿಮ್ಮಲ್ಲಿ ಕೆಲವರು ಅಲ್ಲಿ ನಿಲ್ಲಬಹುದು. ಆದುದರಿಂದ ಈ ನಾಲ್ಕು ಮಾತು.

‘ಸುರಕ್ಷಿತ ದಾರಿ’ ಎಂದರೆ ಬಿದ್ದರೂ ಚಿಂತೆಯಿಲ್ಲ ಎಂದಲ್ಲ. ಉಕ್ಕಿನ ಹಗ್ಗವನ್ನು ಅಲ್ಲಲ್ಲಿ ಗೂಟಗಳಿಂದ ಬಂಡೆಗೆ ಬಿಗಿದಿರುತ್ತಾರೆ. ಕೈತಪ್ಪಿದವನು ಕೆಳಗಿನ ಗೂಟದವರೆಗೂ ಜಾರಿ ಹೋಗುತ್ತಾನೆ. ಅದು ಮೂರು-ನಾಲ್ಕು ಮೀಟರ್ ಇರಬಹುದು. ಆ ಹೊಡೆತವನ್ನು ಸಾಮಾನ್ಯ ಹಗ್ಗದ ತುಂಡು ತಡೆಯಲಾರದು. ಹೊಲಿಗೆ ಹರಿಯುತ್ತ ಆಘಾತವನ್ನು ಹೀರಿಕೊಳ್ಳುವ ವಿಶೇಷ ಪಟ್ಟಿಯೇ ಬೇಕು. 2017ರ ಯುರೋಪಿಯನ್ ಮಾನದಂಡದಂತೆ ಈ ಪಟ್ಟಿ 40ರಿಂದ 120 ಕಿಲೋ ತೂಕದವರಿಗೆ ತಕ್ಕುದು. ಅದಕ್ಕಿಂತ ಹಗುರವಾದ ಮಕ್ಕಳನ್ನು ಮೇಲಿನಿಂದ ಬೇರೆ ಹಗ್ಗದಲ್ಲಿ ಹಿಡಿದಿರಬೇಕು. ಒಮ್ಮೆ ಬಿದ್ದ ಮೇಲೆ ಆ ಪಟ್ಟಿಯನ್ನು ಮತ್ತೆ ಬಳಸಬಾರದು.

ಪಟ್ಟಿಗೆ ಎರಡು ಕೊಂಡಿಗಳಿರುತ್ತವೆ. ಗೂಟ ದಾಟುವಾಗ ಒಂದೊಂದನ್ನೇ ಬದಲಿಸಬೇಕು. ನಮ್ಮ ಅಡಿಕೆ ತೋಟದ ಕೊನೆಗೌಡರನ್ನು ಗಮನಿಸಿ: ಮುಂದಿನ ಮರ ಕೈಗೆ ಭದ್ರವಾಗಿ ಸಿಗುವವರೆಗೆ ಹಿಂದಿನದನ್ನು ಬಿಡುವುದಿಲ್ಲ. ಇಲ್ಲಿಯೂ ಅದೇ ನಿಯಮ. ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು. ಮೇಲಿನವರು ಬಿದ್ದರೆ ಕೆಳಗಿನವರಿಗೂ ಅಪಾಯ. ಹೆಲ್ಮೆಟ್ ಕಡ್ಡಾಯ, ಏಕೆಂದರೆ ಮುಂದೆ ಹೋದವರ ಕಾಲಿನಿಂದಲೇ ಕಲ್ಲು ಉರುಳುತ್ತದೆ.

ಆಸ್ಟ್ರಿಯಾದ ಕ್ರಮದಲ್ಲಿ ದಾರಿಗಳಿಗೆ ‘ಎ’ಯಿಂದ ‘ಇ’ವರೆಗೆ ದರ್ಜೆಗಳಿವೆ. ಹೊಸಬರು ಅನುಭವಿಗಳೊಡನೆ ‘ಎ’ ದರ್ಜೆಯಲ್ಲಿ ಆರಂಭಿಸಿ, ‘ಬಿ’ಯಲ್ಲಿ ಪಳಗಿದ ಮೇಲೆ ‘ಸಿ’ಯನ್ನು ಯೋಚಿಸಬೇಕು. ತೋಳು ಸೋತ ಮೇಲೆ ಇಳಿಯುವುದು ಏರುವುದಕ್ಕಿಂತ ಕಷ್ಟ. ಹಿಂದಿರುಗುವ ನಿರ್ಧಾರ ಬೇಗನೆ ಆಗಬೇಕು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಗುಡುಗು-ಮಳೆ ಸಾಮಾನ್ಯ. ಸಿಡಿಲನ್ನು ಉಕ್ಕಿನ ಹಗ್ಗ ಉದ್ದಕ್ಕೂ ಹರಿಸುತ್ತದೆ. ಆದ್ದರಿಂದ ನಸುಕಿನಲ್ಲೇ ಹೊರಟು, ಮೋಡ ಕಟ್ಟುವ ಮೊದಲೇ ಕಬ್ಬಿಣದಿಂದ ದೂರವಿರಬೇಕು.

ಕೃಷಿ ವಿಜ್ಞಾನದವಳಾಗಿ ಇನ್ನೊಂದು ಮಾತು. ಬಂಡೆಯ ಬಿರುಕಿನಲ್ಲಿ ಹಿಡಿ ಮಣ್ಣು ಕೂಡಲು ಬಹುಕಾಲ ಬೇಕು. ಅಲ್ಲಿ ಬೇರೂರಿದ ಗಿಡವನ್ನು ಹಿಡಿಕೆಯಾಗಿಸಬೇಡಿ, ಕಬ್ಬಿಣದ ದಾರಿ ಬಿಟ್ಟು ಅಡ್ಡದಾರಿ ತುಳಿಯಬೇಡಿ. ಏರುವವನಿಗೆ ರಕ್ಷಣೆ ಇದೆ. ಗಿಡಕ್ಕೆ ನಮ್ಮ ಎಚ್ಚರವೊಂದೇ ರಕ್ಷಣೆ.