ಟ್ರ್ಯಾಕ್ಟರಿನ ವಿಮೆ: ಕಟ್ಟುವುದೆಷ್ಟು, ಸಿಕ್ಕುವುದೆಷ್ಟು?



ಹಿಂದೆ ಮನೆಯ ಮುಂದೆ ಒಂದು ಜೊತೆ ಒಳ್ಳೆಯ ಎತ್ತು ಕಟ್ಟಿದ್ದರೆ ಅದೇ ಒಕ್ಕಲಿನ ಬಲ. ಈಗ ಅನೇಕ ಮನೆಗಳ ಮುಂದೆ ಟ್ರ್ಯಾಕ್ಟರು ನಿಂತಿದೆ. ಉಳುವುದು, ಗೊಬ್ಬರ ಹೊರುವುದು, ಕಬ್ಬನ್ನು ಕಾರ್ಖಾನೆಗೆ ಮುಟ್ಟಿಸುವುದು ಎಲ್ಲವೂ ಅದರಿಂದಲೇ. ಸಾಲ ಮಾಡಿ ತಂದ ಯಂತ್ರ ಅದು. ಅದಕ್ಕೆ ವಿಮೆ ಇದೆಯೇ ಎಂದು ಕೇಳಿದರೆ, "ಇದೆ ಸ್ವಾಮಿ, ಬ್ಯಾಂಕಿನವರೇ ಮಾಡಿಸಿದ್ದಾರೆ" ಎನ್ನುತ್ತೀರಿ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಉತ್ತರವಿಲ್ಲ. ವಿಮಾ ಕಂಪನಿ ಹಣ ಕೊಡುವುದು ಪಾಲಿಸಿಯಲ್ಲಿ ಬರೆದ ಮಾತಿಗೆ. ನಮ್ಮ ಮನಸ್ಸಿನಲ್ಲಿರುವ ಮಾತಿಗಲ್ಲ. ಆದ್ದರಿಂದ ಈ ಕಾಗದದ ಒಳಗನ್ನು ಇಂದು ಸ್ವಲ್ಪ ನೋಡೋಣ.

ವಿಮೆಯಲ್ಲಿ ಎರಡು ಭಾಗ ಉಂಟು. ಮೊದಲನೆಯದು ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ. ನಿಮ್ಮ ಟ್ರ್ಯಾಕ್ಟರಿನಿಂದ ದಾರಿಹೋಕರಿಗೆ ಪೆಟ್ಟಾದರೆ, ಜೀವ ಹೋದರೆ, ನ್ಯಾಯಮಂಡಳಿ ಗೊತ್ತುಮಾಡಿದ ಪರಿಹಾರವನ್ನು ಕಂಪನಿ ಕೊಡುತ್ತದೆ. ಜೀವಕ್ಕೂ ಗಾಯಕ್ಕೂ ಇಷ್ಟೇ ಎಂಬ ಮಿತಿಯಿಲ್ಲ. ಇನ್ನೊಬ್ಬರ ಆಸ್ತಿ ಹಾಳಾದರೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯವರೆಗೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇದು ಕಡ್ಡಾಯ. ಇಲ್ಲದೆ ರಸ್ತೆಗೆ ಇಳಿದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೆ 3 ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ನಿಮ್ಮ ಟ್ರ್ಯಾಕ್ಟರು ಹಳ್ಳಕ್ಕೆ ಬಿದ್ದು ನುಜ್ಜಾದರೆ ಈ ಭಾಗದಿಂದ ಒಂದು ಕಾಸೂ ಬಾರದು.

ಅದಕ್ಕಾಗಿಯೇ ಎರಡನೆಯ ಭಾಗ, ಸ್ವಂತ ಹಾನಿಯ ವಿಮೆ. ಅಪಘಾತ, ಬೆಂಕಿ, ಸಿಡಿಲು, ಪ್ರವಾಹ, ಕಳವು, ಗಲಭೆ, ಇವುಗಳಿಂದಾದ ನಷ್ಟ ಇದರಲ್ಲಿ ಸೇರುತ್ತದೆ. ಎರಡೂ ಭಾಗ ಕೂಡಿದ್ದನ್ನು ಪ್ಯಾಕೇಜ್ ಪಾಲಿಸಿ ಎನ್ನುತ್ತಾರೆ. ಎಂಜಿನ್ ತಾನಾಗಿ ಕೆಟ್ಟದ್ದು, ಗೇರು ಸವೆದದ್ದು, ವೈರಿಂಗ್ ಕೆಟ್ಟದ್ದು ಇದರಲ್ಲಿ ಇಲ್ಲ. ದೀಪ, ಟೈರು, ಮಡ್‌ಗಾರ್ಡು, ಬಣ್ಣ ಇವು ಕೂಡ ಇಂಥ ವಾಹನಗಳ ಸಾಮಾನ್ಯ ಪಾಲಿಸಿಯಲ್ಲಿ ಬಿಟ್ಟುಹೋಗಿರುತ್ತವೆ. ಹೆಚ್ಚುವರಿ ಕಂತು ಕೊಟ್ಟು ಸೇರಿಸಬೇಕು.

ಇನ್ನು ಖರ್ಚಿನ ಮಾತು. ಮೂರನೆಯವರ ವಿಮೆಯ ದರವನ್ನು ಕೇಂದ್ರ ಸರ್ಕಾರವೇ ಗೊತ್ತುಮಾಡುತ್ತದೆ. ಯಾವ ಕಂಪನಿಗೆ ಹೋದರೂ ಅದೇ ದರ; ಅಲ್ಲಿ ಚೌಕಾಸಿ ಇಲ್ಲ. ಸ್ವಂತ ಹಾನಿಯ ಕಂತು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಎತ್ತು ಕೊಳ್ಳುವಾಗ ನಾಲ್ಕು ಜೋಡಿ ನೋಡುವ ನಾವು, ಇದಕ್ಕೂ ಎರಡು ಮೂರು ಕಡೆ ವಿಚಾರಿಸಬೇಕು.

ಈ ಕಂತು ನಿಂತಿರುವುದು ಘೋಷಿತ ಮೌಲ್ಯದ ಮೇಲೆ. ಕಾಗದದಲ್ಲಿ ಐ.ಡಿ.ವಿ. ಎಂದು ಇರುತ್ತದೆ. ಕಂಪನಿಯ ಮಾರಾಟ ಬೆಲೆಯಲ್ಲಿ ಸವಕಳಿ ಕಳೆದು ಉಳಿದದ್ದೇ ಈ ಮೌಲ್ಯ. ಒಂದು ಲೆಕ್ಕ ಹಾಕೋಣ. ಟ್ರ್ಯಾಕ್ಟರಿನ ಬೆಲೆ 7 ಲಕ್ಷ ಎಂದು ಹಿಡಿಯಿರಿ. ಒಂದು ವರ್ಷ ದಾಟಿ ಎರಡು ತುಂಬುವವರೆಗೆ ನೂರಕ್ಕೆ 20 ಕಳೆದು 5 ಲಕ್ಷ 60 ಸಾವಿರ. ಮೂರು ತುಂಬುವವರೆಗೆ ನೂರಕ್ಕೆ 30 ಕಳೆದು 4 ಲಕ್ಷ 90 ಸಾವಿರ. ಐದು ತುಂಬುವ ಹೊತ್ತಿಗೆ ಅರ್ಧ, ಅಂದರೆ ಮೂರೂವರೆ ಲಕ್ಷ. ಆಮೇಲೆ ನೀವೂ ಕಂಪನಿಯೂ ಒಪ್ಪಿದ ಬೆಲೆ. ಟ್ರ್ಯಾಕ್ಟರು ಕಳವಾದರೆ ಹೆಚ್ಚೆಂದರೆ ಸಿಕ್ಕುವುದು ಇಷ್ಟೇ. ಕಂತು ಕಡಿಮೆ ಮಾಡಿಕೊಡುತ್ತೇವೆಂದು ಈ ಮೌಲ್ಯವನ್ನೇ ಇಳಿಸಿದರೆ ಅದು ಲಾಭವಲ್ಲ.

ರಿಪೇರಿಯಲ್ಲೂ ಸವಕಳಿ ಉಂಟು. ಎರಡು ವರ್ಷ ದಾಟಿ ಮೂರು ತುಂಬದ ಟ್ರ್ಯಾಕ್ಟರಿಗೆ ಲೋಹದ ಭಾಗಗಳ ಬೆಲೆಯಲ್ಲಿ ನೂರಕ್ಕೆ 15 ಕಳೆಯುತ್ತಾರೆ. ಬ್ಯಾಟರಿ, ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ. ಲೋಹದ ಭಾಗ 40,000, ಬ್ಯಾಟರಿ 6,000 ಆದರೆ, ಕೈಗೆ ಬರುವುದು 34,000 ಮತ್ತು 3,000, ಒಟ್ಟು 37,000 ರೂಪಾಯಿ. ಇದರಲ್ಲಿ ಮಾಲೀಕನೇ ಹೊರಬೇಕಾದ ಒಂದು ಸಣ್ಣ ಪಾಲು ಮತ್ತೆ ಕಳೆಯುತ್ತದೆ.

ವರ್ಷವಿಡೀ ಪರಿಹಾರ ಕೇಳದಿದ್ದರೆ ಮರುವರ್ಷ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 20 ರಿಯಾಯಿತಿ. ಹೀಗೆ 25, 35, 45 ಆಗಿ ಐದು ವರ್ಷಕ್ಕೆ 50ರವರೆಗೆ ಏರುತ್ತದೆ. ಆದ್ದರಿಂದ ಸಾವಿರ ಎರಡು ಸಾವಿರದ ರಿಪೇರಿಗೆ ಅರ್ಜಿ ಹಾಕುವ ಮುನ್ನ ಯಾವುದು ಹೆಚ್ಚೆಂದು ತೂಗಿ ನೋಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಈ ರಿಯಾಯಿತಿಯೂ ಹೋಗುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಕಂತು ಕಟ್ಟಿಯೂ ರಕ್ಷಣೆ ಸಿಕ್ಕದೆ ಹೋಗುವುದು ಎಲ್ಲಿ?

ಒಂದು, ಟ್ರೇಲರು. ಕಾನೂನಿನಲ್ಲಿ ಟ್ರೇಲರು ಬೇರೆಯೇ ಒಂದು ವಾಹನ. ಟ್ರ್ಯಾಕ್ಟರಿನ ವಿಮೆ ಅದಕ್ಕೆ ತಾನಾಗಿ ಹಬ್ಬುವುದಿಲ್ಲ. ಅದರ ನಂಬರೂ ಮೌಲ್ಯವೂ ಪಾಲಿಸಿಯಲ್ಲಿ ಬರೆದಿರಬೇಕು. ಕಬ್ಬಿನ ಕಾಲದಲ್ಲಿ ಎರಡು ಟ್ರೇಲರು ಜೋಡಿಸುವವರು ಎರಡನ್ನೂ ಬರೆಸಿದ್ದೀರಾ ನೋಡಿಕೊಳ್ಳಿ.

ಎರಡು, ಜನರನ್ನು ಹೊರುವುದು. ಟ್ರ್ಯಾಕ್ಟರಿಗೆ ಇರುವ ಆಸನ ಒಂದೇ, ಚಾಲಕನದು. ಆದರೆ ನಮ್ಮಲ್ಲಿ ನಾಟಿಗೆ ಹೋಗುವ ಹೆಣ್ಣಾಳುಗಳು, ಜಾತ್ರೆಗೆ ಹೋಗುವ ಮನೆಮಂದಿ, ಮದುವೆಯ ದಿಬ್ಬಣ, ಎಲ್ಲರೂ ಟ್ರೇಲರಿನಲ್ಲೇ. ಅದು ಮಗುಚಿದರೆ ಅವರ ಪರಿಹಾರದ ಹೊರೆ ಮಾಲೀಕನ ತಲೆಗೆ ಬರುತ್ತದೆ. 2007ರಲ್ಲಿ ಇಂಥ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮಣ್ಣು ಸಾಗಿಸುತ್ತಿದ್ದ ಟ್ರಾಲಿಯಲ್ಲಿ ಕುಳಿತಿದ್ದ ಕೂಲಿಯವನಿಗೆ ಗಾಯವಾಗಿತ್ತು. ಟ್ರ್ಯಾಕ್ಟರಿನ ವಿಮೆ ಇದ್ದದ್ದು ಬೇಸಾಯದ ಕೆಲಸಕ್ಕೆ ಮಾತ್ರ. ಕಂಪನಿ ಹೊಣೆಯಲ್ಲ ಎಂದೇ ತೀರ್ಪಾಯಿತು. ಗಾಯಾಳು ಬಡವನೆಂದು, ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯ ಹೇಳಿತು. ಮಾಲೀಕನಿಂದ ವಸೂಲು ಎಂದರೆ ಏನು? ಹೊಲಮನೆಯೇ ತಾನೆ! ಹಣದ ಮಾತು ಹಾಗಿರಲಿ, ಹೋದ ಜೀವ ಯಾವ ಪಾಲಿಸಿಯಿಂದಲೂ ಬಾರದು. ಆಳುಗಳನ್ನು ಕರೆತರಲು ಜನ ಸಾಗಿಸುವ ಪರವಾನಗಿಯುಳ್ಳ ಗಾಡಿಯನ್ನೇ ಗೊತ್ತುಮಾಡಿ.

ಮೂರು, ಬಾಡಿಗೆ. ಬೇಸಾಯಕ್ಕೆಂದು ವಿಮೆ ಮಾಡಿಸಿ, ಬೇಸಿಗೆಯಲ್ಲಿ ಜಲ್ಲಿ, ಇಟ್ಟಿಗೆ, ಮರಳು ಹೊಡೆಯುವುದುಂಟು. ಆಗ ಅಪಘಾತವಾದರೆ ಕಂಪನಿ ಕೈಯೆತ್ತಬಹುದು. ಬಾಡಿಗೆ ಮಾಡುವುದಾದರೆ ಅದಕ್ಕೆ ತಕ್ಕ ನೋಂದಣಿಯನ್ನೂ ಪಾಲಿಸಿಯನ್ನೂ ಮೊದಲೇ ಮಾಡಿಸತಕ್ಕದ್ದು.

ನಾಲ್ಕು, ಚಾಲಕ. ಲೈಸೆನ್ಸಿಲ್ಲದ ಹುಡುಗನ ಕೈಗೆ, ಕುಡಿದವನ ಕೈಗೆ ಸ್ಟೇರಿಂಗ್ ಕೊಟ್ಟರೆ ಸ್ವಂತ ಹಾನಿಗೆ ಪರಿಹಾರವಿಲ್ಲ. ಇನ್ನೊಂದು ಸೂಕ್ಷ್ಮ ಉಂಟು. ಮಾಲೀಕನೇ ಚಾಲಕನಾಗಿದ್ದಾಗ ಮರಣ ಹೊಂದಿದರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ. ಅದು ಆರ್.ಸಿ.ಯಲ್ಲಿ ಹೆಸರಿದ್ದು, ಲೈಸೆನ್ಸೂ ಇದ್ದವರಿಗೆ ಮಾತ್ರ. ಹೆಸರು ತಂದೆಯದು, ಓಡಿಸುವವನು ಮಗ. ಎಷ್ಟು ಮನೆಗಳಲ್ಲಿ ಹೀಗಿಲ್ಲ? ಆ ಮಗನಿಗೆ ಈ 15 ಲಕ್ಷ ಅನ್ವಯಿಸದು. ಅವನಿಗೂ, ಸಂಬಳದ ಡ್ರೈವರಿಗೂ ಬೇರೆ ರಕ್ಷಣೆ ಸೇರಿಸಿರೆಂದು ಕಂಪನಿಯವರನ್ನು ಕೇಳಿ. ಜೊತೆಗೆ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. 18ರಿಂದ 70 ವಯಸ್ಸಿನವರು ಸೇರಬಹುದು. ಅಪಘಾತದಲ್ಲಿ ಮರಣವಾದರೆ ಮನೆಯವರಿಗೆ 2 ಲಕ್ಷ.

ಐದು, ಹಳೆಯ ಟ್ರ್ಯಾಕ್ಟರು ಕೊಂಡವರು. 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಇಲ್ಲವಾದರೆ ನಿಮ್ಮ ಯಂತ್ರದ ನಷ್ಟಕ್ಕೆ ಕೇಳಲು ಹಕ್ಕಿರದು.

ಸಾಲ ಇರುವವರೆಗೆ ಬ್ಯಾಂಕು ನೆನಪಿಸುತ್ತದೆ. ಸಾಲ ತೀರಿದ ಮೇಲೆ ನೆನಪಿಸುವವರಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅಪಘಾತದ ಮರುದಿನ ಕಟ್ಟಿದ ಕಂತು ಹಿಂದಿನ ದಿನಕ್ಕೆ ಸಲ್ಲದು.

ಅಪಘಾತವಾದರೆ ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ. ಪೊಲೀಸರಿಗೆ ತಿಳಿಸಿ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕಂಪನಿಗೆ ಅದೇ ದಿನ ಸುದ್ದಿ ಮುಟ್ಟಿಸಿ, ದೂರಿನ ನಂಬರು ಬರೆದುಕೊಳ್ಳಿ. ನಷ್ಟ ಅಳೆಯುವ ಸರ್ವೇಯರು ಬಂದು ನೋಡುವ ತನಕ ಯಂತ್ರ ಬಿಚ್ಚಿಸಬೇಡಿ. ಕಂಪನಿ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಅಲ್ಲಿ ದೂರಿಗೆ ಶುಲ್ಕವಿಲ್ಲ.

ಕೊನೆಗೆ ಒಂದು ಮಾತು. ಇವತ್ತು ಊಟವಾದ ಮೇಲೆ ಪೆಟ್ಟಿಗೆಯಿಂದ ಆ ಕಾಗದ ತೆಗೆಯಿರಿ. ಓದು ಬಂದ ಮಕ್ಕಳಿದ್ದರೆ ಅವರ ಕೈಗೆ ಕೊಡಿ. ಮುಗಿಯುವ ತಾರೀಖು, ಮಾಲೀಕನ ಹೆಸರು, ಟ್ರೇಲರಿನ ನಂಬರು, ಘೋಷಿತ ಮೌಲ್ಯ, ಯಾವ ಕೆಲಸಕ್ಕೆಂದು ಬರೆದಿದೆ, ಈ ಐದನ್ನು ಓದಿಸಿ ಕೇಳಿ. ತಪ್ಪಿದ್ದರೆ ನಾಳೆಯೇ ಹೋಗಿ ತಿದ್ದಿಸಿ. ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಿತ್ತುವ ಮುಂಚೆ ಬೀಜ ಪರೀಕ್ಷಿಸುವವರು ನೀವು. ಕಂತು ಕಟ್ಟುವ ಮುಂಚೆ ಕಾಗದವನ್ನೂ ಪರೀಕ್ಷಿಸಿ.