ಕಫದ ಕೆಮ್ಮು, ಬೇರೆ ಇಟ್ಟ ಲೋಟ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದೋಕೆ ಕರೆದರೆ ಕೆಮ್ಮಿನ ಮಾತು ಎತ್ತಿದರಲ್ಲ ಅಂತ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ಭೂಮಿ, ಕೂಲಿ, ಮೀಸಲಾತಿ ಅಂತ ಕೂಗೋದಕ್ಕೂ ಎದೆಯಲ್ಲಿ ಉಸಿರು ಬೇಕು. ನಾವು ಡಾಕ್ಟರಲ್ಲ, ಬಿ.ಎ. ಓದಿದವರು. ಓದಿ, ಕೇಳಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಕಫ ಅಂದರೆ ಹೊಲಸು ಅನ್ನೋ ಭಾವನೆ ಮೊದಲು ಬಿಡಬೇಕು. ಶ್ವಾಸನಾಳದ ಒಳಗೋಡೆ ದಿನವೂ ತೆಳ್ಳನೆಯ ಲೋಳೆ ಸುರಿಸುತ್ತೆ. ಧೂಳು, ಹೊಗೆ, ಕ್ರಿಮಿ ಎಲ್ಲಾ ಅದಕ್ಕೆ ಅಂಟಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಕೂದಲಿನಂಥ ಎಳೆಗಳು ಅದನ್ನು ಗಂಟಲಿನ ಕಡೆಗೆ ಗುಡಿಸುತ್ತಲೇ ಇರುತ್ತವೆ. ಎದೆಯೊಳಗಿನ ಪೌರಕಾರ್ಮಿಕರು ಅವು, ಯಾರ ಲೆಕ್ಕಕ್ಕೂ ಇಲ್ಲದೆ ದುಡಿಯುವವು. ಬೀಡಿ ಹೊಗೆ ಬಿದ್ದರೆ ಆ ಎಳೆಗಳು ಜಡವಾಗುತ್ತವೆ. ಲೋಳೆ ಅಲ್ಲೇ ನಿಂತು ಗಟ್ಟಿಯಾಗುತ್ತೆ. ಆಮೇಲೆ ಅದನ್ನು ಎತ್ತಿ ಹಾಕೋಕೆ ಕೆಮ್ಮೇ ದಾರಿ. ಅದಕ್ಕೇ ಕಫ ಬರುವ ಕೆಮ್ಮನ್ನು ಸಿರಪ್ ಕುಡಿದು ಅದುಮಬಾರದು.

ನೆಗಡಿಯ ಹಿಂದೆ ಬರುವ ಕೆಮ್ಮು ಬಹುಪಾಲು ವೈರಸ್ಸಿನದು. ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತೆ. ಬಿಸಿನೀರು, ಒಂದು ಚಮಚ ಜೇನು, ಉಪ್ಪುನೀರಿನ ಮುಕ್ಕಳಿಕೆ, ಸಾಕು. (ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ.) ಕಫ ಹಳದಿ, ಹಸಿರು ಆದ ಮಾತ್ರಕ್ಕೆ ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ಕೇಳಿ ನುಂಗೋದು ದುಡ್ಡಿಗೂ ದಂಡ, ಮೈಗೂ ದಂಡ. ವೈರಸ್ಸಿಗೆ ಆ ಮಾತ್ರೆ ನಾಟುವುದಿಲ್ಲ.

ಆದರೆ ನಮ್ಮ ಕೇರಿಯ ಕೆಮ್ಮು ಎಲ್ಲಾ ನೆಗಡಿಯದಲ್ಲ. ಕಿಟಕಿಯಿಲ್ಲದ ಗುಡಿಸಲಲ್ಲಿ ಹಸಿಸೌದೆ ಊದಿ ಊದಿ ಬೇಯಿಸಿದ ಅವ್ವಂದಿರು ಬೀಡಿ ಮುಟ್ಟದೆಯೂ ಕ್ಯಾಕರಿಸುತ್ತಾರೆ. ವರ್ಷದಲ್ಲಿ ಮೂರು ತಿಂಗಳು, ಹಾಗೇ ಎರಡು ವರ್ಷ ಕಫದ ಕೆಮ್ಮು ಕಾಡಿದರೆ ವೈದ್ಯರು ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಅಂತಾರೆ. ನಾವು 'ಅವ್ವಂಗೆ ವಯಸ್ಸಾಯ್ತು' ಅಂತೀವಿ. ಕಲ್ಲು ಕ್ವಾರಿಯಲ್ಲಿ ದುಡಿಯುವ ಅಪ್ಪಂದಿರ ಎದೆಗೆ ಸಿಲಿಕಾ ಧೂಳು ಕೂರುತ್ತೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಇದೇ. ಚಿನ್ನ ಯಾರ ಕೊರಳಿಗೋ ಹೋಯ್ತು, ಧೂಳು ಇವರ ಎದೆಯಲ್ಲಿ ಉಳೀತು. ಒಳಗೆ ಕೂತ ಆ ಧೂಳನ್ನು ತೆಗೆಯುವ ಔಷಧಿ ಇಲ್ಲ. ಕಲ್ಲಿಗೆ ನೀರು ಹಾಯಿಸಿ ಕೊರೆದರೆ ಧೂಳು ಕಡಿಮೆಯಾಗುತ್ತೆ. ಅಷ್ಟು ಮಾಡೋಕೂ ಮಾಲೀಕನಿಗೆ ಕೈ ಬರೋದಿಲ್ಲ. ಹೀಗೆ ಸವೆದ ಎದೆಗೆ ಕ್ಷಯ ಹತ್ತೋದೂ ಸುಲಭ.

ಈಗ ಕ್ಷಯದ ಮಾತು. ರಾಬರ್ಟ್ ಕಾಖ್ ಅದರ ಕ್ರಿಮಿಯನ್ನು ಜಗತ್ತಿಗೆ ತೋರಿಸಿದ್ದು 1882ರಲ್ಲಿ. ಅದು ಶಾಪವಲ್ಲ, ಕರ್ಮವಲ್ಲ, ವಂಶದ ಕಳಂಕವಲ್ಲ ಅಂತ ಅಂದೇ ಖಚಿತವಾಯ್ತು. ಆದರೂ ಒಂದು ಹಾಸ್ಟೆಲಿನಲ್ಲಿ ನಾವು ಕಣ್ಣಾರೆ ಕಂಡದ್ದು ಹೇಳಬೇಕು. ಕೆಮ್ಮುವ ಹುಡುಗನಿಗೆ ಟಿ.ಬಿ. ಅಂತ ಗೊತ್ತಾದ ದಿನವೇ ಅವನ ತಟ್ಟೆ, ಲೋಟ ಬೇರೆಯಾದವು. ಮೊಳೆಯಿಂದ ಗುರುತು ಗೀರಿ ಮೂಲೆಗಿಟ್ಟರು. ಇಟ್ಟವರು ಮೇಲುಜಾತಿಯವರಲ್ಲ, ನಮ್ಮವರೇ! ಊರ ಹೋಟೆಲಿನ ಸೂರಿನಡಿ ಬೇರೆ ಲೋಟ ಸಿಕ್ಕಿಸಿದ್ದನ್ನು ಕಂಡು ಉರಿದೆದ್ದ ಮಕ್ಕಳು. 1927ರಲ್ಲಿ ಮಹಾಡದ ಕೆರೆಯ ನೀರು ಕುಡಿದ ಬಾಬಾಸಾಹೇಬರ ಫೋಟೋ ಗೋಡೆ ಮೇಲೆ, ಅದರ ಕೆಳಗೇ ಆ ಲೋಟ. ಆ ಹುಡುಗ ಆಸ್ಪತ್ರೆಗೂ ಹೋಗದೆ ಊರಿಗೆ ಓಡಿಹೋದ.

ಟಿ.ಬಿ. ತಟ್ಟೆಯಿಂದ ಬರಲ್ಲ, ಬಟ್ಟೆಯಿಂದ ಬರಲ್ಲ, ಕೈ ಕುಲುಕಿದರೆ ಬರಲ್ಲ. ಕೆಮ್ಮಿದಾಗ ಗಾಳಿಗೆ ಹಾರುವ ಸಣ್ಣ ಹನಿಯಿಂದ ಬರುತ್ತೆ. ನಾಲ್ಕು ಜನರ ಕೋಣೆಗೆ ಹತ್ತು ಜನರನ್ನು ತುಂಬಿ ಕಿಟಕಿಗೆ ರಟ್ಟು ಹೊಡೆದಿದ್ದಾರಲ್ಲ, ಅಲ್ಲಿಂದ ಬರುತ್ತೆ. ನೀರುಸಾರು ಉಂಡು ಬಡಕಲಾದ ಮೈಯನ್ನು ಬೇಗ ಹಿಡಿಯುತ್ತೆ. ಹಾಗಾಗಿ ವಾರ್ಡನ್ನರ ಮುಂದೆ ಕೂತು ಕೇಳಬೇಕಾದ್ದು ಬೇರೆ ಲೋಟವನ್ನಲ್ಲ, ತೆರೆಯುವ ಕಿಟಕಿ, ಮೊಟ್ಟೆ, ಬೇಳೆ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಇಳಿಯುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಸರ್ಕಾರಿ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅವತ್ತೇ ಹೋಗಿ. ಕ್ಷಯದ ಪರೀಕ್ಷೆ, ಮಾತ್ರೆ ಎರಡೂ ಅಲ್ಲಿ ಪುಕ್ಕಟೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ. ಎರಡು ತಿಂಗಳಿಗೇ ಮೈ ಹಗುರಾಯ್ತು ಅಂತ ಬಿಟ್ಟರೆ ಆ ಮದ್ದಿಗೆ ಬಗ್ಗದ ಕ್ರಿಮಿ ಹುಟ್ಟುತ್ತೆ. ರಿಫಾಂಪಿಸಿನ್ ಅನ್ನೋ ಮಾತ್ರೆಗೆ ಮೂತ್ರ ಕೆಂಪುಗಟ್ಟುತ್ತೆ, ಅದು ರಕ್ತವಲ್ಲ, ಹೆದರಬೇಡಿ. ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಯ್ತು. ಅದು ಭಿಕ್ಷೆಯಲ್ಲ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಕೇಳಿ ತಗೊಳ್ಳಿ.

ಇನ್ನೊಂದು. ಪರೀಕ್ಷೆಗೆ ಡಬ್ಬಿ ಕೊಟ್ಟಾಗ ನಾಚಿಕೊಂಡು ಎಂಜಲು ಉಗಿದು ಕೊಡೋರೇ ಹೆಚ್ಚು. ಎಂಜಲಲ್ಲಿ ಏನೂ ಸಿಗೋದಿಲ್ಲ. ಬೆಳಿಗ್ಗೆ ಎದ್ದು ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಬಯಲಿಗೆ ಬಂದು, ಎರಡು ಮೂರು ಸಲ ಉಸಿರು ತುಂಬಾ ಎಳೆದು, ಎದೆಯ ಆಳದಿಂದ ಕೆಮ್ಮಿ ಕಫ ತೆಗೆಯಿರಿ. ಮುಚ್ಚಳ ಬಿಗಿ ಮಾಡಿ. ಒಬ್ಬನೇ ಹೋಗೋಕೆ ಹೆದರಿದರೆ ಕೋಣೆಯ ಗೆಳೆಯನೂ ಜೊತೆಗೆ ಹೋಗಲಿ.