ಮನೆ ದೊರೆತ ಮೇಲಿನ ದುಡಿಮೆ



ಗುಡಿಸಲಿನಲ್ಲಿದ್ದ ಕುಟುಂಬವೊಂದಕ್ಕೆ ಸರ್ಕಾರದ ಬಹುಮಹಡಿ ಕಟ್ಟಡದಲ್ಲಿ ಮನೆ ದೊರೆತರೆ ಅದರ ಕಷ್ಟಗಳೆಲ್ಲ ತೀರಿದವೆಂದು ಭಾವಿಸುವುದು ಸಹಜ. ಆದರೆ ಹೊಸ ಮನೆಯೊಡನೆ ಹೊಸ ಖರ್ಚುಗಳೂ ಬರುತ್ತವೆ. ಮುಂಬಯಿಯ ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ಮನೆ ಉಚಿತ. ಲಿಫ್ಟಿನ ವಿದ್ಯುತ್ತು, ನೀರಿನ ಪಂಪು, ಸೊಸೈಟಿಯ ನಿರ್ವಹಣಾ ವೆಚ್ಚ ಉಚಿತವಲ್ಲ. ಚೆನ್ನೈ ನಗರದ ದಕ್ಷಿಣದ ಅಂಚಿನಲ್ಲಿರುವ ಕಣ್ಣಗಿ ನಗರ, ಪೆರುಂಬಾಕ್ಕಂ ವಸಾಹತುಗಳಿಗೆ ಸ್ಥಳಾಂತರಗೊಂಡವರಲ್ಲಿ ಮನೆಗೆಲಸದ ಮಹಿಳೆಯರೂ ಕೂಲಿಕಾರರೂ ಅನೇಕರು. ಮನೆ ಗಟ್ಟಿಯಾಯಿತು, ಕೆಲಸ ದೂರವಾಯಿತು. ಹಲವರು ಇದ್ದ ಕೆಲಸವನ್ನೇ ಕಳೆದುಕೊಂಡರು.

ಆದುದರಿಂದ ವಸತಿಗೆ ವಿನಿಯೋಗಿಸುವ ಸಾರ್ವಜನಿಕ ಹಣದ ಜೊತೆಯಲ್ಲೇ ದುಡಿಮೆಗೂ ಹಣ ಒದಗಬೇಕಾಗುತ್ತದೆ. 1989ರಲ್ಲಿ ನೆಹರೂ ರೋಜ್‌ಗಾರ್ ಯೋಜನೆ ಆರಂಭವಾಯಿತು. ಅದನ್ನೂ ಬೇರೆರಡು ಯೋಜನೆಗಳನ್ನೂ ಒಳಗೊಂಡು 1997ರ ಡಿಸೆಂಬರ್ 1ರಂದು ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆ ಜಾರಿಗೆ ಬಂದಿತು. ಅದರನ್ವಯ 50,000 ರೂಪಾಯಿವರೆಗಿನ ಸಣ್ಣ ಉದ್ಯಮಕ್ಕೆ ಶೇಕಡಾ 15ರಷ್ಟು, ಅಂದರೆ ಗರಿಷ್ಠ 7,500 ರೂಪಾಯಿ ಸಹಾಯಧನ ದೊರೆಯುತ್ತಿತ್ತು. ಇಂತಹ ಕ್ರಮದಲ್ಲೊಂದು ತೊಡಕಿದೆ: ಸಹಾಯಧನಕ್ಕಾಗಿಯೇ ಸಾಲ ಕೇಳುವವರು ಹುಟ್ಟಿಕೊಳ್ಳುತ್ತಾರೆ, ಉದ್ಯಮ ಮರೆಯಾಗುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಈ ಕ್ರಮವನ್ನು ಬದಲಿಸಿತು. ಸಾಲದ ಅಸಲಿನಲ್ಲಿ ಪಾಲು ಕೊಡುವ ಬದಲು ಬಡ್ಡಿಯ ಭಾರವನ್ನು ಸರ್ಕಾರ ಹೊತ್ತಿತು. ಬ್ಯಾಂಕಿನ ಬಡ್ಡಿದರ ಶೇಕಡಾ 7ನ್ನು ಮೀರಿದಷ್ಟನ್ನು ಸರ್ಕಾರವೇ ಭರಿಸುತ್ತಿತ್ತು. ಸಕಾಲದಲ್ಲಿ ಮರುಪಾವತಿ ಮಾಡಿದ ಮಹಿಳಾ ಸ್ವಸಹಾಯ ಗುಂಪುಗಳಿಗೆ ಇನ್ನೂ ಶೇಕಡಾ 3ರ ರಿಯಾಯಿತಿ ಇತ್ತು.

ಇದರ ಬೆಲೆ ತಿಳಿಯಬೇಕಾದರೆ ಲೇವಾದೇವಿಗಾರನ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ತಿಂಗಳಿಗೆ ನೂರಕ್ಕೆ ಐದು ಎಂಬುದು ಕೇಳಲು ಸಣ್ಣ ಮಾತು. ಆ ದರದಲ್ಲಿ 50,000 ರೂಪಾಯಿ ಸಾಲಕ್ಕೆ ವರ್ಷದ ಬಡ್ಡಿಯೇ 30,000 ರೂಪಾಯಿ! ಅಷ್ಟೇ ಸಾಲಕ್ಕೆ ಶೇಕಡಾ 7ರಂತೆ 3,500, ಶೇಕಡಾ 4ರಂತೆ 2,000 ರೂಪಾಯಿ ಆಗುತ್ತದೆ. ಹೊಲಿಗೆ ಯಂತ್ರವನ್ನೋ ಇಡ್ಲಿಯ ಗಾಡಿಯನ್ನೋ ನಂಬಿದ ಸಂಸಾರ ಉಳಿಯುವುದೂ ಮುಳುಗುವುದೂ ಈ ಅಂತರದಲ್ಲಿಯೇ.

ಬ್ಯಾಂಕಿನ ಬಾಗಿಲು ತೆರೆಯುವುದಕ್ಕೆ ಮೊದಲು ಉಳಿತಾಯದ ಅಭ್ಯಾಸ ಬೇಕಾಗುತ್ತದೆ. ಒಂದೇ ಕಟ್ಟಡದ ಹತ್ತು ಮಹಿಳೆಯರು ತಿಂಗಳಿಗೆ ತಲಾ 100 ರೂಪಾಯಿ ಕೂಡಿಸಿದರೆ ಆರು ತಿಂಗಳಲ್ಲಿ 6,000 ರೂಪಾಯಿ ಆಗುತ್ತದೆ. ನಿಯಮಿತವಾಗಿ ಉಳಿತಾಯ ಮಾಡಿದ ಗುಂಪಿಗೆ ಮಿಷನ್ 10,000 ರೂಪಾಯಿ ಆವರ್ತ ನಿಧಿ ನೀಡುತ್ತಿತ್ತು. ಮೊತ್ತ ದೊಡ್ಡದಲ್ಲ, ಆದರೆ ಮಗುವಿಗೆ ಜ್ವರ ಬಂದಾಗ ತಾಳಿಯನ್ನು ಅಡವಿಡದೆ ಪಾರಾಗಲು ಅದು ಸಾಕಾದೀತು. ಪುಸ್ತಕದಲ್ಲಿ ಲೆಕ್ಕ ಬರೆದು, ಸಭೆಯಲ್ಲಿ ಎಲ್ಲರ ಮುಂದೆ ಓದುವ ಗುಂಪನ್ನು ಬ್ಯಾಂಕಿನವರೂ ನಂಬುತ್ತಾರೆ. ಹೊಸ ವಸಾಹತಿನಲ್ಲಿ ಇದು ಅಷ್ಟು ಸುಲಭವಲ್ಲ. ಹಳೆಯ ಕೇರಿಯ ನೆರೆಹೊರೆಯವರು ಬೇರೆ ಬೇರೆ ಕಟ್ಟಡಗಳಿಗೆ ಹಂಚಿಹೋದರೆ ಹಳೆಯ ಗುಂಪುಗಳೂ ಒಡೆಯುತ್ತವೆ. ಮನೆ ಹಂಚುವವರು ಇದನ್ನು ಗಮನಿಸಿದರೆ ಖರ್ಚಿಲ್ಲದೆಯೇ ದೊಡ್ಡ ಉಪಕಾರವಾದೀತು.

ಈ ಮಿಷನ್ 2024ರ ಸೆಪ್ಟೆಂಬರ್‌ನಲ್ಲಿ ಮುಕ್ತಾಯಗೊಂಡಿತು. ಬೀದಿಬದಿ ವ್ಯಾಪಾರಿಗಳಿಗಾಗಿ 2020ರ ಜೂನ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಲ್ಲಿ ಮಾತ್ರ ಸಾಲ ನೀಡಿಕೆಯ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಲಾಗಿದೆ. 2025ರ ಪರಿಷ್ಕರಣೆಯನ್ವಯ ಜಾಮೀನಿಲ್ಲದೆ ಮೊದಲ ಕಂತಿನಲ್ಲಿ 15,000, ಅದನ್ನು ತೀರಿಸಿದವರಿಗೆ 25,000, ಅನಂತರ 50,000 ರೂಪಾಯಿವರೆಗೆ ಸಾಲ ದೊರೆಯುತ್ತದೆ.

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇದಕ್ಕೆ ಬೇಕಾದದ್ದು ಹುಟ್ಟೂರಿನ ಕಾಗದವಲ್ಲ. ವ್ಯಾಪಾರ ನಡೆಯುವ ನಗರದ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರು ಅದೇ ಸಂಸ್ಥೆಯಿಂದ ಶಿಫಾರಸು ಪತ್ರವನ್ನು ಕೋರಬಹುದು.